ನಿಶ್ಚಿತಾರ್ಥದ ದಾರಿಯನ್ನು ನಮ್ಮ ಸಿನಿಮಾಗಳು ಒಂದೇ ಹಾಡಿನಲ್ಲಿ ದಾಟಿಸದಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮನೆಮಂದಿಯೆಲ್ಲ ಕುಳಿತು ನೋಡಬಹುದಾದ ಪ್ರೇಮಹಾಸ್ಯದ ಚಿತ್ರಗಳನ್ನು ಪರಿಚಯಿಸುವ ಬರಹವೊಂದು ಇತ್ತೀಚೆಗೆ ತಮ್ಮ ಸಿನಿಮಾ ಪುರವಣಿಯಲ್ಲಿ ಬಂದಿತ್ತು. ಅದರಲ್ಲಿ ‘ಲೀಪ್ ಇಯರ್’ ಎಂಬ ಇಂಗ್ಲಿಷ್ ಚಿತ್ರದ ಹೆಸರಿತ್ತು. ಹೊತ್ತು ಕಳೆಯಲು ಅಡ್ಡಿಯಿಲ್ಲದ ಹಗುರ ಚಿತ್ರ ಎಂಬರ್ಥದ ಒಂದು ಸಾಲು ಬರೆದು ಲೇಖಕರು ಮುಂದೆ ಹೋಗಿದ್ದರು. ತವರಿಗೆ ಬಂದಿದ್ದ ನನ್ನ ಮಗಳು ಆ ಸಾಲನ್ನು ಓದಿ ಚಿತ್ರವನ್ನು ಹುಡುಕಿ ಹಾಕಿದಳು, ಇಬ್ಬರೂ ಕುಳಿತು ನೋಡಿದೆವು. ನೋಡಿ ದಿನಗಳು ಕಳೆದರೂ ಅದು ನನ್ನ ಮನಸ್ಸಿನಿಂದ ಇಳಿದಿಲ್ಲ. ಬಹಳ ದೊಡ್ಡ ಚಿತ್ರವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಸಣ್ಣದಲ್ಲದ ದೋಷಗಳಿವೆ, ಅವುಗಳನ್ನೂ ಮುಂದೆ ಹೇಳುತ್ತೇನೆ. ಆದರೆ ಒಂದು ಜೋಡಿ ನಿಶ್ಚಿತಾರ್ಥಕ್ಕೆ ಬಂದು ಮುಟ್ಟುವ ಏರುತಗ್ಗಿನ ದಾರಿಯನ್ನೇ ಆ ಚಿತ್ರ ಕಥೆಯಾಗಿ ಹಿಡಿದಿದೆ. ಅದೇ ದಾರಿಯನ್ನು ನಮ್ಮ ಕನ್ನಡ ಚಿತ್ರಗಳು ಸಾಮಾನ್ಯವಾಗಿ ಒಂದು ಹಾಡಿನೊಳಗೆ ದಾಟಿಸಿಬಿಡುತ್ತವೆ. ಈ ವಿಷಯವನ್ನು ತಮ್ಮ ಓದುಗರ ಮುಂದೆ ಇಡಬೇಕೆನಿಸಿ ಬರೆಯುತ್ತಿದ್ದೇನೆ. ಪತ್ರ ದೀರ್ಘವಾದದ್ದಕ್ಕೆ ಮನ್ನಿಸಬೇಕು.

ಚಿತ್ರ ನೋಡದವರಿಗಾಗಿ ಕಥೆಯನ್ನು ಹೇಳಲೇಬೇಕು. 2010ರಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ಆನಂದ್ ಟಕರ್. ಬಾಸ್ಟನ್ ನಗರದ ಅನ್ನಾ ಎಂಬವಳು, ಮಾರಾಟಕ್ಕಿರುವ ಮನೆಗಳನ್ನು ಕೊಳ್ಳುವವರ ಕಣ್ಣಿಗೆ ಒಪ್ಪುವಂತೆ ಸಜ್ಜುಗೊಳಿಸುವ ಕೆಲಸದವಳು. ಜೆರೆಮಿ ಎಂಬ ಹೃದ್ರೋಗ ತಜ್ಞನೊಂದಿಗೆ ನಾಲ್ಕು ವರ್ಷಗಳಿಂದ ಇದ್ದಾಳೆ. ಅವನು ಒಡವೆ ಅಂಗಡಿಯಿಂದ ಹೊರಬರುವುದನ್ನು ಕಂಡ ಸುದ್ದಿ ಗೆಳತಿಯಿಂದ ಬಂದಿರುತ್ತದೆ. ಇವತ್ತು ಉಂಗುರ ಬಂದೇ ಬರುತ್ತದೆಂದು ಊಟದ ಮೇಜಿನ ಮುಂದೆ ಕಾದು ಕುಳಿತವಳ ಕೈಗೆ ಪುಟ್ಟದೊಂದು ಡಬ್ಬಿ ಬರುತ್ತದೆ. ತೆರೆದರೆ ಒಳಗಿರುವುದು ಕಿವಿಯ ಓಲೆ. ಬಾಡಲು ಹೊರಟ ನಗುವನ್ನು ಮುಖದ ಮೇಲೆ ಹಿಡಿದು ನಿಲ್ಲಿಸಲು ನಟಿ ಏಮಿ ಆಡಮ್ಸ್ ಪಡುವ ಪಾಡನ್ನು ನೋಡಿದಾಗ, ಹೆಣ್ಣು ನೋಡಿ ಹೋದವರು ‘ಫೋನ್ ಮಾಡತೀವ್ರಿ’ ಎಂದು ಹೇಳಿ ಎದ್ದ ಮೇಲೆ ಚಹಾದ ಕಪ್ಪುಗಳನ್ನು ಒಟ್ಟುಮಾಡುತ್ತಾ ನಿಲ್ಲುವ ನಮ್ಮ ಮನೆಗಳ ಎಷ್ಟೋ ಹುಡುಗಿಯರ ಮುಖ ನನಗೆ ನೆನಪಾಯಿತು.

ಐರ್ಲೆಂಡಿನಲ್ಲಿ ಅಧಿಕ ವರ್ಷದ ಫೆಬ್ರುವರಿ 29ರಂದು ಹೆಣ್ಣೇ ಗಂಡಿಗೆ ಮದುವೆಯ ಮಾತು ಎತ್ತಬಹುದೆಂಬ ಹಳೆಯ ನಂಬಿಕೆಯೊಂದಿದೆ. ಜೆರೆಮಿ ಸಮ್ಮೇಳನಕ್ಕೆಂದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿಗೆ ಹೋದಾಗ ಅನ್ನಾ ಆ ನಂಬಿಕೆಯನ್ನು ಹಿಡಿದು ಅವನ ಹಿಂದೆ ಹೊರಡುತ್ತಾಳೆ. ನಮ್ಮಲ್ಲಿ ಅಧಿಕ ಮಾಸ ಬಂದರೆ ಶುಭಕಾರ್ಯಗಳೆಲ್ಲ ನಿಲ್ಲುತ್ತವೆ, ಹೆಣ್ಣಿನ ಮನೆಯವರು ತಿಂಗಳಿಡೀ ಬಾಯಿ ಬಿಗಿಹಿಡಿದು ಕೂರುತ್ತಾರೆ. ಅಲ್ಲಿ ಹೆಚ್ಚಾಗಿ ಬಂದ ಒಂದು ದಿನ ಹೆಣ್ಣಿಗೆ ಬಾಯಿ ಕೊಡುತ್ತದೆ. ನಾಲ್ಕು ವರ್ಷಕ್ಕೊಂದೇ ದಿನ ಎಂಬುದು ಅಲ್ಲಿಯೂ ದುಃಖದ ಸಂಗತಿಯೇ ಆದರೂ ಈ ವ್ಯತ್ಯಾಸ ನನ್ನನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು.

ಮುಂದಿನದೆಲ್ಲ ದಾರಿಯ ಕಥೆ. ಬಿರುಗಾಳಿಗೆ ವಿಮಾನ ಬೇರೆಡೆ ಇಳಿಯುತ್ತದೆ, ದೋಣಿ ಬೇರೊಂದು ದಂಡೆಗೆ ಮುಟ್ಟುತ್ತದೆ. ಡೆಕ್ಲನ್ ಎಂಬ ಹಳ್ಳಿಯ ಖಾನಾವಳಿಯವನು ದುಡ್ಡಿನ ಅಡಚಣೆಗಾಗಿ ತನ್ನ ಹಳೆಯ ಕಾರಿನಲ್ಲಿ ಅವಳನ್ನು ಡಬ್ಲಿನ್ನಿಗೆ ಮುಟ್ಟಿಸಲು ಒಪ್ಪುತ್ತಾನೆ. ದಾರಿಗೆ ಅಡ್ಡ ನಿಂತ ದನಗಳನ್ನು ಸರಿಸುವುದರಲ್ಲಿ ಕಾರು ನೀರಿಗೆ ಇಳಿಯುತ್ತದೆ, ರೈಲು ತಪ್ಪುತ್ತದೆ, ರಾತ್ರಿ ತಂಗಲು ಗಂಡಹೆಂಡತಿ ಎಂದು ಸುಳ್ಳು ಹೇಳಬೇಕಾಗುತ್ತದೆ. ಹಾದಿಯುದ್ದಕ್ಕೂ ಜಗಳ. ಕೊನೆಗೆ ಡಬ್ಲಿನ್ನಿಗೆ ಮುಟ್ಟಿದಾಗ ಜೆರೆಮಿ ತಾನಾಗಿಯೇ ಎಲ್ಲರೆದುರು ಮದುವೆಯ ಮಾತು ಎತ್ತುತ್ತಾನೆ, ಅವಳು ಒಪ್ಪುತ್ತಾಳೆ. ಸಾಮಾನ್ಯ ಚಿತ್ರವಾಗಿದ್ದರೆ ಇಲ್ಲಿಗೆ ಮಂಗಳ ಹಾಡುತ್ತಿತ್ತು.

ಆದರೆ ಬಾಸ್ಟನ್ನಿಗೆ ಮರಳಿ, ಹೊಸ ಮನೆಯಲ್ಲಿ ನಿಶ್ಚಿತಾರ್ಥದ ಸಂತೋಷಕೂಟ ನಡೆಯುತ್ತಿರುವಾಗ ಅವಳಿಗೊಂದು ವಿಷಯ ಗೊತ್ತಾಗುತ್ತದೆ. ಅವರು ಬಯಸಿದ್ದ ಆ ಮನೆಯನ್ನು ಕೊಡುವವರು ಮದುವೆಯಾದ ಜೋಡಿಯನ್ನೇ ಇಷ್ಟಪಡುವವರು; ಆ ಮಾತು ಬಂದಾಗಲೇ ಜೆರೆಮಿಗೆ ಮದುವೆಯ ಯೋಚನೆ ಹೊಳೆದಿತ್ತು. ಅವಳ ಕೈಯಲ್ಲಿ ಉಂಗುರವಿದೆ, ಆದರೆ ಅದು ಬಂದದ್ದು ಮನೆಯ ಕಾಗದಪತ್ರದ ಬೆನ್ನಿಗೆ. ದಾರಿಯಲ್ಲಿ ಡೆಕ್ಲನ್ ಅವಳಿಗೊಂದು ಪ್ರಶ್ನೆ ಕೇಳಿದ್ದ: ಮನೆಗೆ ಬೆಂಕಿ ಹತ್ತಿ ಅರವತ್ತು ಸೆಕೆಂಡು ಮಾತ್ರ ಉಳಿದರೆ ಏನನ್ನು ಎತ್ತಿಕೊಂಡು ಹೊರಗೆ ಬರುತ್ತೀಯ? ಅದು ನೆನಪಾಗಿ ಅವಳು ಗೋಡೆಯ ಮೇಲಿನ ಬೆಂಕಿಯ ಗಂಟೆಯನ್ನು ಎಳೆದು, ಗಂಡನಾಗುವವನು ಏನನ್ನು ಎತ್ತಿಕೊಳ್ಳುತ್ತಾನೆಂದು ನಿಂತು ನೋಡುತ್ತಾಳೆ. ಅವನು ತನ್ನ ಬೆಲೆಬಾಳುವ ಯಂತ್ರಸಾಮಾನುಗಳನ್ನು ಒಟ್ಟುಮಾಡತೊಡಗುತ್ತಾನೆ.

ಇಷ್ಟಕ್ಕೆ ಮಗಳು ಚಿತ್ರವನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. “ಅವ್ವಾ, ಇದು ನಮ್ಮ ಮನಿಗೆ ಬಂದ ಚೀಟಿನ ಐತಿ ನೋಡು,” ಅಂದಳು.

ಆ ಚೀಟಿಯ ಕಥೆಯನ್ನು ಬರೆಯದೆ ನಾನು ಹೇಳಬೇಕಾದದ್ದು ಪೂರ್ತಿಯಾಗುವುದಿಲ್ಲ. 2024ರ ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ, ಗಂಗಾವತಿ ತಾಲ್ಲೂಕಿನ ನಮ್ಮ ಮನೆಯಲ್ಲಿ ಮಗಳ ನಿಶ್ಚಯ ಕಾರ್ಯ ಇತ್ತು. ಹುಡುಗ ಸಿಂಧನೂರು ಕಡೆಯವನು, ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದವನು. ಕನ್ಯಾ ನೋಡುವುದು, ಮನೆ ನೋಡುವುದು ಎಲ್ಲ ಮುಗಿದು, ಮಗಳೂ ಅವನೂ ಆರು ತಿಂಗಳು ಫೋನಿನಲ್ಲಿ ಮಾತಾಡಿ ಒಬ್ಬರನ್ನೊಬ್ಬರು ಒಪ್ಪಿದ್ದರು. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ನಡುವೆ ಹಿತ್ತಾಳೆಯ ಹರಿವಾಣ. ಅದರಲ್ಲಿ ಐದು ತೆಂಗಿನಕಾಯಿ, ಎಲೆ ಅಡಿಕೆ, ಸಕ್ಕರೆ, ಮೇಲೆ ಮಡಿಚಿಟ್ಟ ಹಸಿರು ಸೀರೆ. ಉಡಿ ತುಂಬುವುದಷ್ಟೇ ಉಳಿದಿತ್ತು. ಆಗ ಹುಡುಗನ ಹಿರಿಯರೊಬ್ಬರು ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು, ಓದದೆ, ನನ್ನ ಯಜಮಾನರ ಮೊಣಕಾಲಿನ ಮುಂದೆ ಇಟ್ಟರು. ಹತ್ತು ತೊಲೆ ಬಂಗಾರ, ಒಂದು ಕಾರು, ಕಲ್ಯಾಣ ಮಂಟಪದ ಖರ್ಚು, ಬೆಂಗಳೂರಿನಲ್ಲಿ ತೆಗೆದುಕೊಳ್ಳುವ ಸೈಟಿಗೆ ಅರ್ಧ ಹಣ. ಹಿಂದಿನ ಯಾವ ಮಾತುಕತೆಯಲ್ಲೂ ಇಲ್ಲದ ನಾಲ್ಕು ಸಾಲುಗಳು.

ಯಾರೂ ಮಾತಾಡಲಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದ ನನಗೂ ಮಾತು ಹೊರಡಲಿಲ್ಲ. ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ತಟ್ಟೆಯನ್ನು ಕೆಳಗಿಟ್ಟು, ಬಂದು, ಹಾಳೆಯನ್ನು ಎತ್ತಿಕೊಂಡು ನೋಡಿದಳು. ‘ಬಂಗಾರ’ ಎಂದು ಬರೆಯುವಾಗ ಸೊನ್ನೆಯನ್ನು ಹಿಂದಿನ ಅಕ್ಷರಕ್ಕೆ ಅಂಟಿಸಿ ಬರೆಯುವ ಆ ರೀತಿ ಅವಳಿಗೆ ಪರಿಚಯವಿತ್ತು. ಹುಡುಗ ಅವಳಿಗೆ ಕೊಟ್ಟಿದ್ದ ಪುಸ್ತಕದ ಮೊದಲ ಪುಟದಲ್ಲಿ ಅದೇ ಕೈಬರಹವಿತ್ತು. “ಇದು ನಿಮ್ಮ ಅಕ್ಷರ ಹೌದಲ್ರಿ?” ಎಂದು ಅವನನ್ನು ಕೇಳಿದಳು. ಅವನು ಜಮಖಾನದ ಅಂಚನ್ನು ನೋಡುತ್ತಾ ಕುಳಿತ. “ನಾ ಇವತ್ತ ಈ ಸೀರಿ ಉಡಂಗಿಲ್ರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹರಿವಾಣವನ್ನು ಎರಡೂ ಕೈಯಿಂದ ಎತ್ತಿ ದೇವರ ಕೋಣೆಗೆ ಒಯ್ದು ಇಟ್ಟಳು. ಆ ಹರಿವಾಣದ ಭಾರಕ್ಕೆ ಅವಳ ಮೊಣಕೈ ನಡುಗಿದ್ದು ನನ್ನ ಕಣ್ಣಿಗೆ ಇಂದಿಗೂ ಕಟ್ಟಿದಂತಿದೆ.

ನಮ್ಮ ಕಡೆ ಇಂಥ ಪ್ರಸಂಗ ಆದರೆ ಸಂಬಂಧ ಮುರಿಯಿತೆಂದೇ ಲೆಕ್ಕ. ಎಂಟು ದಿನದ ಮೇಲೆ ಬೆಳಗಿನ ಆರು ಗಂಟೆಗೆ, ಬೆಂಗಳೂರಿನ ರಾತ್ರಿ ಬಸ್ಸಿಳಿದು, ಹುಡುಗ ಒಬ್ಬನೇ ನಮ್ಮ ಬಾಗಿಲಿಗೆ ಬಂದು ನಿಂತ. ದೊಡ್ಡವರು ಹೇಳಿದರು, ತಾನು ಬರೆದುಕೊಟ್ಟೆ, ಎದುರು ಆಡುವ ಧೈರ್ಯ ಬರಲಿಲ್ಲ ಎಂದ. ಮಗಳು ಅವನನ್ನು ಒಳಗೆ ಕರೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಯಾರ ಮುಂದೆ ಆ ಹಾಳೆಯನ್ನು ಇಟ್ಟರೋ ಅವರೆಲ್ಲರ ಮುಂದೆ ಅದು ಬೇಡವೆಂದು ನಿಮ್ಮ ಬಾಯಿಂದಲೇ ಹೇಳಿರಿ, ಅಲ್ಲಿಯವರೆಗೆ ನನ್ನ ಕಡೆಯಿಂದ ಹೂಂ ಇಲ್ಲ ಎಂದಳು. ಅದಕ್ಕೆ ಹನ್ನೊಂದು ತಿಂಗಳು ಹಿಡಿಯಿತು.

ಸಂಪಾದಕರೇ, ಆ ಹನ್ನೊಂದು ತಿಂಗಳಲ್ಲಿ ನಾವು ಅತ್ತದ್ದಕ್ಕಿಂತ ನಕ್ಕದ್ದೇ ಹೆಚ್ಚೆಂದರೆ ತಾವು ನಂಬಬೇಕು. ಅವನು ಪ್ರತಿ ತಿಂಗಳ ಎರಡನೆಯ ಭಾನುವಾರ ಬರುವ ರೂಢಿ ಮಾಡಿಕೊಂಡ. ನನ್ನ ಯಜಮಾನರು ಅವನನ್ನು ಕಂಡೊಡನೆ ಟವೆಲ್ಲನ್ನು ಹೆಗಲಿಗೆ ಹಾಕಿ ಗದ್ದೆಗೆ ನಡೆದುಬಿಡುತ್ತಿದ್ದರು. ಕಿವಿ ಮಂದವಾಗಿರುವ ನಮ್ಮ ಅತ್ತೆಯವರು ಒಮ್ಮೆ ಅವನನ್ನು ಮೋಟಾರು ರಿಪೇರಿಗೆ ಬಂದವನೆಂದು ತಿಳಿದು ಪಂಪಿನ ಶೆಡ್ಡಿಗೆ ಕರೆದೊಯ್ದರು. ಅವನು ನಾನಲ್ಲ ಎನ್ನಲಿಲ್ಲ. ಅಂಗಿಯ ತೋಳು ಮಡಿಚಿ, ಸ್ಟಾರ್ಟರ್ ಡಬ್ಬಿ ಬಿಚ್ಚಿ ಎರಡು ತಾಸು ಕೂತ. ಮೋಟಾರು ಏಳಲಿಲ್ಲ. ಕಡೆಗೆ ಗಂಗಾವತಿಗೆ ಹೋಗಿ ನಿಜವಾದ ರಿಪೇರಿಯವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. “ಇಬ್ರು ಬಂದ್ರೂ ಒಬ್ಬರದ ಕೂಲಿ ಕೊಡ್ತೀನಿ ನೋಡಪಾ” ಎಂದು ಅತ್ತೆಯವರು ಹೇಳಿದಾಗ, ಎಷ್ಟೋ ವಾರಗಳ ಮೇಲೆ ಮಗಳ ನಗು ಪಡಸಾಲೆಯವರೆಗೆ ಕೇಳಿತು.

ಆಗಸ್ಟಿನ ಎರಡನೆಯ ಭಾನುವಾರ 11ನೇ ತಾರೀಖಿಗೆ ಬಂದಿತ್ತು. ಹಿಂದಿನ ರಾತ್ರಿಯೇ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನ್ ತುಂಡಾಗಿ ಕೊಚ್ಚಿಹೋಗಿತ್ತು. ಜಲಾಶಯದಲ್ಲಿ ನೀರು ತುಂಬಿತ್ತು. ಎಡದಂಡೆ ಕಾಲುವೆಯನ್ನು ನಂಬಿದ ಕೊಪ್ಪಳ, ರಾಯಚೂರು ಜಿಲ್ಲೆಗಳ ಭತ್ತದ ರೈತರಿಗೆ ಆ ಬೆಳಗ್ಗೆ ಹೇಗಿತ್ತೆಂಬುದನ್ನು ನಮ್ಮ ಭಾಗದ ಓದುಗರಿಗೆ ವಿವರಿಸಬೇಕಾಗಿಲ್ಲ. ನಾಟಿ ಮಾಡಿದ ಗದ್ದೆ ಕಣ್ಣ ಮುಂದಿತ್ತು, ಒಟ್ಟು 33 ಗೇಟುಗಳ ಅಣೆಕಟ್ಟಿನಿಂದ ನೀರು ಹೊಳೆಗೆ ಹರಿದು ಹೋಗುವುದು ಟಿವಿಯಲ್ಲಿ ಕಾಣುತ್ತಿತ್ತು. ಅಂದು ನನ್ನ ಯಜಮಾನರು ಗದ್ದೆಗೆ ಹೋಗಲಿಲ್ಲ. ಬಾಗಿಲಲ್ಲಿ ನಿಂತ ಹುಡುಗನಿಗೆ ಐದು ತಿಂಗಳಲ್ಲಿ ಮೊದಲ ಸಲ ಮಾತು ಹಾಕಿದರು: “ನೀ ಎಂಜಿನಿಯರ್ ಅದಿಯಲ್ಲ, ಹೇಳು. ನೀರು ಇರೂ ಮುಂದ ಆ ಗೇಟು ಕೂಡ್ರಸಾಕ ಬರತೈತೇನು?” ಅವನು ಅಂಗಳಕ್ಕೆ ಇಳಿದು ಕಡ್ಡಿಯಿಂದ ಮಣ್ಣಿನ ಮೇಲೆ ಗೇಟಿನ ಚಿತ್ರ ಬರೆದ. ನೀರಿನ ಒತ್ತಡ ಎಲ್ಲಿ ಬೀಳುತ್ತದೆ, ಉಳಿದ ಗೇಟುಗಳನ್ನು ಏಕೆ ತೆರೆಯಬೇಕಾಗುತ್ತದೆ ಎಂಬುದನ್ನು ತನಗೆ ತಿಳಿದಷ್ಟು ಹೇಳಿದ, ತಿಳಿಯದ್ದನ್ನು ತಿಳಿಯದೆಂದು ಹೇಳಿದ. ಇಬ್ಬರೂ ಆ ಚಿತ್ರದ ಎರಡು ಬದಿಗೆ ಕುಕ್ಕರಗಾಲಿನಲ್ಲಿ ಕೂತು ಬಿಸಿಲು ಏರುವವರೆಗೆ ಮಾತಾಡಿದರು.

ಒಂದು ವಾರದೊಳಗೆ ಅಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಗೇಟು ಕೂಡಿಸಿದ ಸುದ್ದಿ ಬಂತು. ನನ್ನ ಯಜಮಾನರು ಹುಡುಗನ ನಂಬರನ್ನು ಮಗಳಿಂದ ಕೇಳಿ ಪಡೆದು, ತಾವೇ ಫೋನು ಹಚ್ಚಿ, “ಗೇಟು ಕುಂತೈತಂತಪಾ” ಎಂದು ಅಷ್ಟೇ ಹೇಳಿ ಇಟ್ಟರು. ನಮ್ಮ ಮನೆಯಲ್ಲಿ ನಿಶ್ಚಿತಾರ್ಥ ಆದದ್ದು ಆ ಹೊತ್ತಿಗೇ ಎಂದು ನಾನು ತಿಳಿದಿದ್ದೇನೆ. ಹಿರಿಯರೆಲ್ಲ ಸೇರಿ ಅದೇ ಪಡಸಾಲೆಯಲ್ಲಿ ಅದೇ ಹರಿವಾಣ ಇಟ್ಟದ್ದು 2025ರ ಫೆಬ್ರುವರಿಯಲ್ಲಿ. ಹುಡುಗ ಎಲ್ಲರ ಮುಂದೆ ಎದ್ದು ನಿಂತು ಹೇಳಬೇಕಾದದ್ದನ್ನು ಹೇಳಿದ. ಧ್ವನಿ ನಡುಗಿತು, ಮಾತು ತಪ್ಪಲಿಲ್ಲ. ಚೀಟಿ ತಂದಿದ್ದ ಹಿರಿಯರು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ನಮ್ಮ ಅತ್ತೆಯವರು ಚಹಾ ಹಿಡಿದು ಹೋಗಿ, ಅವರ ಪಕ್ಕದಲ್ಲಿ ಕೂತು, ಕೈಹಿಡಿದು ಒಳಗೆ ಕರೆತಂದರು. ಐದು ತೆಂಗಿನಕಾಯಿ, ಎಲೆ ಅಡಿಕೆ, ಸಕ್ಕರೆ, ಅದೇ ಹಸಿರು ಸೀರೆ. ಅದಕ್ಕಿಂತ ಹೆಚ್ಚೇನೂ ಇರಲಿಲ್ಲ.

ಇದನ್ನೆಲ್ಲ ಬರೆದದ್ದು ನಮ್ಮ ಮನೆಯ ದೊಡ್ಡಸ್ತಿಕೆ ಹೇಳಿಕೊಳ್ಳಲಿಕ್ಕಲ್ಲ. ಹೆಣ್ಣುಮಕ್ಕಳಿರುವ ನಮ್ಮ ಭಾಗದ ಬಹುತೇಕ ಮನೆಗಳಲ್ಲಿ ‘ಹೂಂ’ ಎಂಬ ಮಾತಿಗೂ ಉಡಿ ತುಂಬುವುದಕ್ಕೂ ನಡುವೆ ಇಂಥದೊಂದು ಕಥೆ ಇದ್ದೇ ಇದೆ. ಕೆಲವು ಸುಖವಾಗಿ ಮುಗಿದಿವೆ, ಹಲವು ಮುಗಿದಿಲ್ಲ. ಅಲ್ಲಿ ನಗುವಿದೆ, ಅವಮಾನವಿದೆ, ಕಾಯುವುದಿದೆ, ಬಸ್ಸಿನ ರಾತ್ರಿಗಳಿವೆ, ಬೆಳೆಯ ಚಿಂತೆಯಿದೆ. ನಮ್ಮ ಚಿತ್ರಗಳಲ್ಲಿ ಇದು ಏಕೆ ಕಾಣುವುದಿಲ್ಲ? ಹುಡುಗ ಹುಡುಗಿ ಒಪ್ಪುವವರೆಗೆ ಒಂದೂವರೆ ತಾಸು ತೆಗೆದುಕೊಳ್ಳುವ ಚಿತ್ರ, ನಿಶ್ಚಿತಾರ್ಥಕ್ಕೆ ಬಂದಾಗ ಹೂವಿನ ಚಪ್ಪರ, ಬಣ್ಣದ ದೀಪ, ಕುಣಿಯುವ ನೆಂಟರು ಇರುವ ಹಾಡೊಂದನ್ನು ತೋರಿಸಿ ಮುಂದೆ ಸಾಗುತ್ತದೆ. ಇಲ್ಲವೆಂದರೆ ನಿಶ್ಚಿತಾರ್ಥ ಎಂಬುದು ನಾಯಕ ಬಂದು ತಡೆಯಲಿಕ್ಕೆಂದೇ ಏರ್ಪಟ್ಟ ಸಮಾರಂಭವಾಗಿರುತ್ತದೆ. ತಟ್ಟೆಯ ಮುಂದೆ ಕೂತ ಹುಡುಗಿಯ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಕ್ಯಾಮೆರಾ ಹತ್ತಿರ ಹೋಗಿ ಕೇಳುವುದು ಬಹಳ ಅಪರೂಪ.

ಇದಕ್ಕೆ ನಮ್ಮ ಹಾಸ್ಯದ ಚರಿತ್ರೆಯಲ್ಲೂ ಒಂದು ಕಾರಣವಿದೆ ಎಂದು ನನ್ನ ತಿಳಿವಳಿಕೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ಬಂದದ್ದು 1934ರ ಮಾರ್ಚ್‌ನಲ್ಲಿ. ಅದೇ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಫ್ರಾಂಕ್ ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ತೆರೆಕಂಡಿತ್ತು. ಅದರಲ್ಲೂ ಜಗಳಗಂಟ ಜೋಡಿಯೊಂದು ಬಸ್ಸಿನಲ್ಲಿ ಹೊರಟು, ಗಂಡಹೆಂಡತಿ ಎಂದು ಸುಳ್ಳು ಹೇಳಿ ತಂಗಿ, ನಡುವೆ ಕಂಬಳಿಯ ಪರದೆ ಕಟ್ಟಿ ಮಲಗುತ್ತದೆ. ‘ಲೀಪ್ ಇಯರ್’ ತುಳಿದದ್ದು ಆ ಹಳೆಯ ದಾರಿಯನ್ನೇ. ಪ್ರೇಮಿಗಳೇ ನಗೆಗೆ ಕಾರಣರಾಗುವ, ಅವರು ಎಡವುವುದರಿಂದಲೇ ನಗು ಹುಟ್ಟುವ ರೀತಿ ಅದು. ನಮ್ಮ ಚಿತ್ರಗಳು ಪುರಾಣದಿಂದಲೂ ಕಂಪನಿ ನಾಟಕದಿಂದಲೂ ಹುಟ್ಟಿ ಬಂದವು. ನಾಯಕ ನಾಯಕಿಯರದು ಒಂದು ಎಳೆ, ಹಾಸ್ಯದವರದು ಬೇರೆ ಎಳೆ. ನರಸಿಂಹರಾಜು, ಬಾಲಕೃಷ್ಣ ಅವರಂಥ ದೊಡ್ಡ ಕಲಾವಿದರು ರಂಗಭೂಮಿಯಿಂದ ಬಂದು ಆ ಎರಡನೆಯ ಎಳೆಯನ್ನು ಬೆಳಗಿಸಿದರು. ಅವರನ್ನು ನೋಡುತ್ತಲೇ ನನ್ನ ಪೀಳಿಗೆ ನಗುವುದನ್ನು ಕಲಿಯಿತು. ಆದರೆ ಆ ವಿಂಗಡಣೆ ಉಳಿದುಕೊಂಡು, ಪ್ರೀತಿಸುವವರು ನಗೆಗೀಡಾಗಬಾರದು, ನಗಿಸುವವರು ಪ್ರೀತಿಗೆ ಅರ್ಹರಲ್ಲ ಎಂಬಂತಾಯಿತು.

ಹಾಗೆಂದು ಪ್ರೀತಿಯೂ ಹಾಸ್ಯವೂ ಒಂದೇ ಜೋಡಿಯಲ್ಲಿ ಸೇರುವುದು ನಮಗೆ ಹೊರಗಿನಿಂದ ಬರಬೇಕಾದ ವಿದ್ಯೆಯಲ್ಲ. ನಮ್ಮ ತೊಗಲುಗೊಂಬೆ ಆಟದಲ್ಲಿ ರಾಮಾಯಣ, ಮಹಾಭಾರತದ ಕಥೆಗೆ ಮೊದಲು ಪರದೆಯ ಮೇಲೆ ಬರುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಅವರ ಜಗಳ, ಅವರ ಕುಣಿತ, ಒಬ್ಬರನ್ನೊಬ್ಬರು ಹಂಗಿಸುತ್ತಲೇ ಒಬ್ಬರನ್ನೊಬ್ಬರು ಬಿಟ್ಟಿರಲಾರದ ಅವರ ರೀತಿ ಊರಿನವರನ್ನೆಲ್ಲ ನಗಿಸುತ್ತಿತ್ತು. ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಗೆ ಹಬ್ಬವೇ ಆಗಿತ್ತು. ಆ ಕಲೆಯ ನೆರಳಿನಲ್ಲಿ ಬೆಳೆದ ನಾಡು ತನ್ನ ಪ್ರೇಮಹಾಸ್ಯವನ್ನು ತಾನೇ ಕಟ್ಟಬಲ್ಲದು.

ಈಗ ‘ಲೀಪ್ ಇಯರ್’ ಚಿತ್ರದ ದೋಷಗಳಿಗೆ ಬರುತ್ತೇನೆ, ಏಕೆಂದರೆ ಅವೇ ದೋಷಗಳು ನಮ್ಮಲ್ಲಿ ಇನ್ನೂ ದಪ್ಪವಾಗಿವೆ. ವೇಲ್ಸ್‌ನಿಂದ ಡಬ್ಲಿನ್ನಿಗೆ ಹೊರಟ ಅನ್ನಾಳನ್ನು ಚಿತ್ರ ಡಿಂಗಲ್ ಎಂಬಲ್ಲಿ ಇಳಿಸುತ್ತದೆ. ಡಬ್ಲಿನ್ ಇರುವುದು ಐರ್ಲೆಂಡಿನ ಪೂರ್ವ ದಂಡೆಯಲ್ಲಿ, ಡಿಂಗಲ್ ಇರುವುದು ನೈಋತ್ಯದ ತುದಿಯಲ್ಲಿ. ಬಳ್ಳಾರಿಯಿಂದ ಬೆಂಗಳೂರಿಗೆ ಹೊರಟವರನ್ನು ಕಾರವಾರದಲ್ಲಿ ಇಳಿಸಿದಂತೆ ಇದು. ಇಷ್ಟನ್ನು ಕಥೆಗಾಗಿ ಕ್ಷಮಿಸಬಹುದು. ಆದರೆ ಅವಳು ತನ್ನ ಫೋನನ್ನು ಚಾರ್ಜಿಗೆ ಹಾಕಿದರೆ ಊರಿಗೇ ಕರೆಂಟು ಹೋಗುತ್ತದೆ; ಖಾನಾವಳಿಯಲ್ಲಿ ಕೂತ ಮುದುಕರು ಶಕುನ ಅಪಶಕುನಗಳ ಮಾತನ್ನು ಬಿಟ್ಟರೆ ಬೇರೇನನ್ನೂ ಆಡುವುದಿಲ್ಲ. ಡೆಕ್ಲನ್ ಪಾತ್ರ ಮಾಡಿದ ಮ್ಯಾಥ್ಯೂ ಗುಡ್ ಸ್ವತಃ ಇಂಗ್ಲೆಂಡಿನವರು. ಐರ್ಲೆಂಡಿನ ವಿಮರ್ಶಕರು ಈ ಚಿತ್ರವನ್ನು ಕಟುವಾಗಿ ಟೀಕಿಸಿದ್ದರು. ಅವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಇಬ್ಬರ ನಡುವಿನ ಕಷ್ಟದಿಂದ ನಗು ಹುಟ್ಟಿದಾಗ ಆ ಚಿತ್ರ ಗೆಲ್ಲುತ್ತದೆ, ಒಂದು ಊರಿನ ಹಿಂದುಳಿಕೆಯಿಂದ ನಗು ಎತ್ತಲು ಹೋದಾಗಲೆಲ್ಲ ಸೋಲುತ್ತದೆ.

ನಮ್ಮ ಚಿತ್ರಗಳಲ್ಲಿ ನಮ್ಮ ಭಾಗದ ಮಾತು ಬರುವುದು ಯಾರ ಬಾಯಲ್ಲಿ ಎಂದು ತಮ್ಮ ಓದುಗರು ಒಮ್ಮೆ ನೆನಪಿಸಿಕೊಳ್ಳಲಿ. ಮನೆಯ ಆಳು, ಬೆಂಗಳೂರಿಗೆ ಬಂದು ದಾರಿ ತಪ್ಪಿದವನು, ಗದರುವ ಪೈಲ್ವಾನ, ನಾಯಕನ ಗೆಳೆಯ. ಅವನು ಪ್ರೀತಿ ಹೇಳಿಕೊಂಡರೆ ಅದೂ ಒಂದು ತಮಾಷೆ. ಅವನು ಆಡುವ ಮಾತಾದರೂ ಯಾವ ಊರಿನದು? ಕೊಪ್ಪಳದವರು ‘ಬರಾಕತ್ತೀನಿ’ ಎಂದರೆ ರಾಯಚೂರಿನವರು ‘ಬರ್ಲಿಕತ್ತೀನಿ’ ಎನ್ನುತ್ತಾರೆ. ಬಳ್ಳಾರಿಯ ಕನ್ನಡದ ಎಳೆತವೇ ಬೇರೆ, ಅದರಲ್ಲಿ ತೆಲುಗಿನ ನೆಂಟಸ್ತಿಕೆಯಿದೆ. ಕೊಪ್ಪಳ, ರಾಯಚೂರುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ ಮದ್ರಾಸ್ ಆಡಳಿತದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಇಷ್ಟು ಬೇರೆ ಬೇರೆ ದಾರಿಯಲ್ಲಿ ಬೆಳೆದ ಮಾತುಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ‘ಉತ್ತರ ಕರ್ನಾಟಕದ ಭಾಷೆ’ ಎಂಬ ಹೆಸರಿನಲ್ಲಿ ನಗಿಸಲು ಬಳಸುವುದನ್ನು ನಾನು ಒಪ್ಪಲಾರೆ. ನನ್ನ ಮಗಳು “ನಾ ಇವತ್ತ ಈ ಸೀರಿ ಉಡಂಗಿಲ್ರಿ” ಎಂದದ್ದು ಇದೇ ಮಾತಿನಲ್ಲಿ. ಆ ಮಾತಿಗೆ ಅಂದು ಯಾರೂ ನಗಲಿಲ್ಲ.

ಅದಕ್ಕಿಂತಲೂ ನನಗೆ ನೋವು ಕೊಡುವುದು ಇನ್ನೊಂದಿದೆ. ಮದುವೆಯ ಮಾತುಕತೆಯಲ್ಲಿ ಕೊಡುಕೊಳ್ಳುವ ಲೆಕ್ಕ ಬಂದಾಗ ಅದನ್ನು ಜಿಪುಣ ಬೀಗರ ತಮಾಷೆಯಾಗಿ, ಹಿನ್ನೆಲೆಯಲ್ಲಿ ಕುಣಿತದ ಸಂಗೀತ ಹಾಕಿ ತೋರಿಸುವ ರೂಢಿ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ವರದಕ್ಷಿಣೆ ಕೊಟ್ಟರೆ ಅಥವಾ ತೆಗೆದುಕೊಂಡರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಹದಿನೈದು ಸಾವಿರ ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅಷ್ಟಕ್ಕೆ ಕಡಿಮೆಯಿಲ್ಲದ ದಂಡ. ಬರಿದೇ ಕೇಳಿದರೂ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆಯಿದೆ. ಅಂದರೆ ನಮ್ಮ ಪಡಸಾಲೆಯಲ್ಲಿ ಇಟ್ಟ ಆ ಹಾಳೆಯೇ, ಒಂದು ಪೈಸೆಯೂ ಕೈ ಬದಲಾಗುವ ಮೊದಲೇ, ಅಪರಾಧವಾಗಿತ್ತು. ಇದನ್ನು ತಿಳಿದವರು ಆ ಪಡಸಾಲೆಯಲ್ಲಿ ಎಷ್ಟೋ ಜನ ಇದ್ದರು, ನಾನೂ ಒಬ್ಬಳು. ಆದರೂ ಎಲ್ಲರೂ ಸುಮ್ಮನೆ ಕೂತೆವು. ಇಂಥದನ್ನು ‘ಮದುವೆ ಮನೆಯಲ್ಲಿ ನಡೆಯುವಂಥದೇ’ ಎಂದು ನಗುತ್ತಾ ದಾಟಿಸುವ ಅಭ್ಯಾಸ ನಮಗೆ ಎಲ್ಲೆಲ್ಲಿಂದಲೋ ಬಂದಿದೆ. ಸಿನಿಮಾವೂ ಅದರ ಒಂದು ಪಾಠಶಾಲೆ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ನಗಿಸಬೇಡಿ ಎಂದು ನಾನು ಕೇಳುತ್ತಿಲ್ಲ. ಅಪ್ಪನ ಮಾತಿಲ್ಲದ ಐದು ತಿಂಗಳು, ಮೋಟಾರು ರಿಪೇರಿಯವನಾಗಿ ಎರಡು ತಾಸು, ಫೋನಿನಲ್ಲಿ ಎರಡೇ ಶಬ್ದದ ಒಪ್ಪಿಗೆ, ಇವೆಲ್ಲ ತೆರೆಯ ಮೇಲೆ ಬಂದರೆ ಕೊಪ್ಪಳದಿಂದ ಕೊಳ್ಳೇಗಾಲದವರೆಗಿನ ಜನ ನಗುತ್ತಾರೆ, ನಕ್ಕಾದ ಮೇಲೆ ತಮ್ಮ ಮನೆಯ ಹರಿವಾಣವನ್ನು ನೆನೆಯುತ್ತಾರೆ. ಹೊಸದಾಗಿ ಚಿತ್ರ ಮಾಡಲು ಹೊರಟ ನಮ್ಮ ಭಾಗದ ಹುಡುಗ ಹುಡುಗಿಯರು ಬೆಂಗಳೂರಿನ ಕಾಫಿ ಅಂಗಡಿಯಲ್ಲಿ ಭೇಟಿಯಾಗುವ ಜೋಡಿಯನ್ನೇ ಹುಡುಕಬೇಕಾಗಿಲ್ಲ. ಗಂಗಾವತಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಆರು ಗಂಟೆಗೆ ಇಳಿದು, ಮುಖ ತೊಳೆಯಲು ನಲ್ಲಿ ಹುಡುಕುವ ಹುಡುಗನಿಂದಲೂ ಕಥೆ ಶುರುವಾಗಬಹುದು.

ತಮ್ಮ ಪತ್ರಿಕೆಯಲ್ಲಿ ನನ್ನ ವಿನಂತಿ ಇಷ್ಟು. ಪ್ರೇಮಹಾಸ್ಯದ ಚಿತ್ರವೊಂದನ್ನು ವಿಮರ್ಶಿಸುವಾಗ ‘ಹಗುರ’ ಎಂಬ ಒಂದು ಮಾತಿನಲ್ಲಿ ಮುಗಿಸದೆ, ಅಲ್ಲಿನ ನಗು ಯಾರ ಮೇಲೆ ಬೀಳುತ್ತದೆ, ಯಾವ ಊರಿನ ಮಾತಿನ ಮೇಲೆ ಬೀಳುತ್ತದೆ, ಹೆಣ್ಣಿನ ಒಪ್ಪಿಗೆಯನ್ನು ಚಿತ್ರ ಎಲ್ಲಿ ನಿಂತು ಕೇಳುತ್ತದೆ ಎಂಬುದನ್ನೂ ವಿಮರ್ಶಕರು ಬರೆಯಲಿ. ಚಿತ್ರದಲ್ಲಿ ವರದಕ್ಷಿಣೆಯ ಬೇಡಿಕೆ ತಮಾಷೆಯಾಗಿ ಬಂದಿದ್ದರೆ ಅದನ್ನು ಹೆಸರಿಟ್ಟು ಹೇಳಲಿ. ನಮ್ಮ ಜಿಲ್ಲೆಗಳ ಮಾತನ್ನು ತೆರೆಯ ಮೇಲೆ ಬಳಸಿದ ಚಿತ್ರಗಳು ಬಂದಾಗ, ಆ ಮಾತನ್ನು ದಿನವೂ ಆಡುವ ಇಲ್ಲಿನವರೊಬ್ಬರಿಂದಲೂ ನಾಲ್ಕು ಸಾಲು ಬರೆಸಿ ಪ್ರಕಟಿಸಿದರೆ ಬಹಳ ಉಪಕಾರವಾಗುತ್ತದೆ. ಬರೆಯಬಲ್ಲವರು ರಾಯಚೂರು, ಕೊಪ್ಪಳ, ಬಳ್ಳಾರಿಗಳ ಶಾಲೆ ಕಾಲೇಜುಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ; ಅವರಲ್ಲಿ ಕೆಲವರಿಗೆ ಪಾಠ ಹೇಳಿದ ನಾನು ಈ ಮಾತನ್ನು ಭರವಸೆಯಿಂದ ಹೇಳಬಲ್ಲೆ.

ಪತ್ರವನ್ನು ಪ್ರಕಟಿಸುವುದಾದರೆ ನನ್ನ ಹೆಸರನ್ನು ಹಾಕಬಾರದೆಂದು ಕೋರುತ್ತೇನೆ. ಅಂದು ಚೀಟಿ ತಂದ ಹಿರಿಯರು ಇಂದು ನಮ್ಮ ಬೀಗರು. ಕಳೆದ ಸುಗ್ಗಿಯಲ್ಲಿ ಎರಡು ದಿನ ನಮ್ಮ ಮನೆಯಲ್ಲಿ ಉಳಿದು ರಾಶಿಯ ಕೆಲಸದಲ್ಲಿ ಕೈಗೂಡಿಸಿ ಹೋಗಿದ್ದಾರೆ, ತಮ್ಮ ಪತ್ರಿಕೆಯನ್ನೂ ಓದುತ್ತಾರೆ. ಇದನ್ನು ಅಂಚೆಗೆ ಹಾಕುವ ಮೊದಲು ಮಗಳಿಗೂ ಅಳಿಯನಿಗೂ ಪೂರ್ತಿ ಓದಿ ಹೇಳಿ ಅವರ ಒಪ್ಪಿಗೆ ಪಡೆದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕಿ,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ